ಹೊಸಾ ಚಾಟ್ ಶುರು ಮಾಡಾಕ ವಾಟ್ಸಾಪ್ ಬಿಡವಲ್ದು, ಪಂಚಮಿ ಮುಂದ ಐತಿ, ಏನ್ ಮಾಡ್ಲಿ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಮ್ಮದು ಇಳಕಲ್ಲ, ಮನಿಯಾಗ ಮಗ್ಗ ಅದಾವ, ನಮ್ಮ ಮಾವನವ್ರು, ಮನಿಯವ್ರು ನೇಯ್ತಾರ, ಫೋನಿನ್ಯಾಗ ಮಾರೋದು ನಾ ನೋಡ್ಕೋತೀನಿ. ವ್ಯಾಪಾರಕ್ಕ ಅಂತ ಬ್ಯಾರೆ ಸಿಮ್ ತಗೊಂಡು ಹೊಸಾ ವಾಟ್ಸಾಪ್ ಮಾಡಿದ್ದೆ. ಎಕ್ಸಿಬಿಷನ್ನಿನ್ಯಾಗ ಜನ ಬರದು ಹೋಗಿದ್ದ ವಹಿ ಇತ್ತು, ಅದರಾಗಿನ ನಂಬರ್ ಎಲ್ಲಾ ಸೇವ್ ಮಾಡಿ ಒಂದೇ ಸಂಜಿಗೆ ಎಲ್ಲಾರ್ಗೂ ಸೀರಿ ಫೋಟೋ ಹಾಕಿದೆ. ರಾತ್ರಿ ನೋಡಿದ್ರ ನಿಮ್ಮ ಅಕೌಂಟಿಗೆ ಸದ್ಯಕ್ಕ ನಿರ್ಬಂಧ ಐತಿ, ಹೊಸಾ ಚಾಟ್ ಶುರು ಮಾಡಾಕ ಬರೂದಿಲ್ಲ ಅಂತ ಬಂದೈತಿ, ಅದರ ಕೆಳಗ ಟೈಮ್ ಓಡಾಕತ್ತೈತಿ. ನಾ ಏನ್ ತಪ್ಪು ಮಾಡೀನ್ರಿ? ಬಾಜೂ ಮನಿ ಹುಡುಗ ಜಿಬಿ ವಾಟ್ಸಾಪ್ ಹಾಕ್ಕೊಡ್ತೀನಿ, ಅದಕ್ಕ ಲಿಮಿಟ್ಟೇ ಇಲ್ಲ ಅಂತಾನ. ಹಾಕ್ಸಲ್ಯೊ ಬ್ಯಾಡೊ?

ಉತ್ತರ:

ಅಕ್ಕಾರ, ಮೊದಲ ಕಡೀ ಪ್ರಶ್ನೆಗೆ ಹೇಳಿಬಿಡ್ತೀನಿ, ಜಿಬಿ ವಾಟ್ಸಾಪ್ ಹಾಕ್ಸಬ್ಯಾಡ್ರಿ. ಈಗ ನಿಮಗ ಆಗಿದ್ದು ಸಣ್ಣದು, ಟೈಮ್ ಮುಗದ್ ಕೂಡ್ಲೆ ತಾನ ಹೋಗ್ತೈತಿ, ಅದನ್ನ ಹಾಕಿಸಿದ್ರ ದೊಡ್ಡದಾಕ್ಕೈತಿ. ಅದು ವಾಟ್ಸಾಪ್ ಕಂಪನಿದಲ್ಲ, ಬ್ಯಾರೆ ಯಾರೋ ತಿದ್ದಿ ಬಿಟ್ಟಿದ್ದು, ಅಂಥಾ ಆ್ಯಪಿನಿಂದ ಲಾಗಿನ್ ಆದ ಅಕೌಂಟನ್ನ ಕಂಪನಿ ಮೊದಲ ಸ್ವಲ್ಪ ಟೈಮ್ ಬಂದ್ ಮಾಡ್ತೈತಿ, ಆಮ್ಯಾಲೂ ಬಿಡ್ಲಿಲ್ಲ ಅಂದ್ರ ನಂಬರನ್ನ ಕಾಯಂ ಬಂದ್ ಮಾಡ್ತೈತಿ. ಮತ್ತ ನಿಮ್ಮ ಗಿರಾಕಿಗಳ ಫೋಟೋ, ಅಡ್ರೆಸ್, ರೊಕ್ಕ ಹಾಕಿದ ಸ್ಕ್ರೀನ್‌ಶಾಟ್ ಎಲ್ಲಾ ಆ ಆ್ಯಪ್ ಮೂಲಕ ಹಾದು ಹೋಗ್ತಾವ, ಅದರಾಗ ಏನ್ ಕೂಡಿಸ್ಯಾರ ಅನ್ನೋದು ಆ ಹುಡುಗಗೂ ಗೊತ್ತಿಲ್ಲ.

ಈಗ ಟೈಮ್ ಓಡಾಕತ್ತಾಗ ಇನ್ನೊಂದು ಕೆಲಸ ಮಾಡಬ್ಯಾಡ್ರಿ, ಏನಂದ್ರ ಆ್ಯಪ್ ತಗದು ಮತ್ತ ಹಾಕೋದು, ಹತ್ತತ್ ನಿಮಿಷಕ್ಕ ಹೊಸಾ ನಂಬರಿಗೆ ಕಳಿಸಿ ನೋಡೋದು. ಈ ನಿರ್ಬಂಧ ಇರೋದು ನಿಮ್ಮ ಫೋನಿನ್ಯಾಗ ಅಲ್ಲ, ಕಂಪನಿ ಸರ್ವರಿನ್ಯಾಗ ನಿಮ್ಮ ನಂಬರಿನ ಮ್ಯಾಲ ಇರ್ತೈತಿ, ಹಿಂಗಾಗಿ ಆ್ಯಪ್ ತಗದ್ರ ಏನೂ ಬದಲಾಗೂದಿಲ್ಲ, ಬ್ಯಾಕಪ್ ಇಲ್ಲಂದ್ರ ಹಳೇ ಚಾಟ್ ಹೋಗ್ತಾವ ಅಷ್ಟ. ನಾನು ಇಂಥಾ ಎಣಿಸೋ ಸಿಸ್ಟಮ್ ಬರಿಯೋ ಕೆಲಸದಾಗ ಇದ್ದಾಂವ, ಅದಕ್ಕ ಹೇಳ್ತೀನಿ, ಭಾಳ ಕಡೆ ಬಂದ್ ಇದ್ದಾಗ ಮಾಡಿದ ಪ್ರಯತ್ನಾನೂ ಲೆಕ್ಕಕ್ಕ ಹಿಡೀತಾವ. ಸುಮ್ನ ಇದ್ದಷ್ಟೂ ಚೊಲೊ.

ನಿಮ್ಮ ಮೆಸೇಜ್ ಓದಿದ್ರ ಇದು ಪೂರ್ತಿ ಬ್ಯಾನ್ ಅಲ್ಲ. ಬ್ಯಾನ್ ಆಗಿದ್ರ ವಾಟ್ಸಾಪಿನ್ಯಾಗ ಚಾಟ್ ಒಂದೂ ತೆರೆಯೂದ ಇಲ್ಲ. ನಿಮಗ ಬಂದಿದ್ದು ಹೊಸಾ ಚಾಟ್ ಶುರು ಮಾಡೂದಕ್ಕ ಮಾತ್ರ ತಡಿ. ಮೊದಲ ನಿಮ್ಮ ಜೋಡಿ ಮಾತಾಡಿದವ್ರಿಗೆ ನೀವು ಉತ್ತರ ಕೊಡಬಹುದು, ಯಾರರ ಹೊಸಬ್ರು ತಾವಾಗಿ ನಿಮಗ ಬರದ್ರ ಅದೂ ಬರ್ತೈತಿ. ಅಂದ್ರ ಅಂಗಡಿ ಬಾಗಲ ತಗದ ಐತಿ, ನೀವು ಹೊರಗ ಹೋಗಿ ಕರಿಯಾಕ ಬರೂದಿಲ್ಲ ಅಷ್ಟ. ಈ ಮಾತು ನೆನಪಿಟ್ಟುಕೋರಿ, ಇದರಾಗ ನಿಮ್ಮ ಪಂಚಮಿ ವ್ಯಾಪಾರದ ದಾರೀನೂ ಐತಿ, ಮುಂದ ಹೇಳ್ತೀನಿ.

ನಾ ಏನ್ ತಪ್ಪು ಮಾಡೀನಿ ಅಂತ ಕೇಳೀರಿ. ನಿಮ್ಮ ಮನಸ್ಸಿನ್ಯಾಗ ತಪ್ಪಿಲ್ಲ. ಆದ್ರ ಆ ಕಡೆ ಕುಂತಿದ್ದು ಮಷೀನು, ಅದಕ್ಕ ಮನಸ್ಸು ಕಾಣೂದಿಲ್ಲ, ನಡವಳಿಕೆ ಕಾಣ್ತೈತಿ. 2016 ರಿಂದ ವಾಟ್ಸಾಪ್ ಮೆಸೇಜ್ ಎಲ್ಲಾ ಎನ್‌ಕ್ರಿಪ್ಟ್ ಆಗಿ, ಅಂದ್ರ ಕಳಿಸಿದವ್ರು, ಪಡದವ್ರು ಬಿಟ್ಟು ಬ್ಯಾರೆ ಯಾರಿಗೂ ಓದಾಕ ಬರದಂಗ ಹೋಗ್ತಾವ, ಹಿಂಗಾಗಿ ನೀವು ಕಳಿಸಿದ್ದು ಟೋಪ್ ತೆನಿ ಸೆರಗಿನ ಫೋಟೋನೋ, ಲಾಟರಿ ಮೋಸದ ಲಿಂಕೋ ಅಂತ ಅದು ಒಳಗ ಹೊಕ್ಕು ನೋಡೂದಿಲ್ಲ. ಅದಕ್ಕ ಕಾಣೋದು ಏನಂದ್ರ, ಈ ನಂಬರ್ ಯಾವಾಗ ಹುಟ್ಟೈತಿ, ಎಷ್ಟ ಲಗೂನ ಎಷ್ಟ ಮಂದಿಗೆ ಕಳಿಸ್ಯದ, ಆ ಮಂದಿ ಫೋನಿನ್ಯಾಗ ಈ ನಂಬರ್ ಸೇವ್ ಐತೊ ಇಲ್ಲೊ, ಅವ್ರು ತಿರುಗಿ ಬರದ್ರೊ ಇಲ್ಲಾ ಬ್ಲಾಕ್ ಒತ್ತಿದ್ರೊ, ಇಷ್ಟ.

ಕಂಪನಿ 2019 ರಾಗ ತನ್ನ ಪದ್ಧತಿ ಬಗ್ಗೆ ಒಂದು ವರದಿ ಬಿಟ್ಟಿತ್ತು. ಅದರಾಗ ಒಂದು ಉದಾಹರಣಿ ಕೊಟ್ಟಾರ, ಐದು ನಿಮಿಷದ ಹಿಂದ ರಿಜಿಸ್ಟರ್ ಆದ ನಂಬರ್ 15 ಸೆಕೆಂಡಿನ್ಯಾಗ 100 ಮೆಸೇಜ್ ಕಳಸಾಕ ನೋಡಿದ್ರ ಅದು ಖರೇನ ದುರುಪಯೋಗ ಅಂತ ಹಿಡಿಯಬಹುದು ಅಂತ. ಇನ್ನೊಂದೂ ಐತಿ, ಮನಷ್ಯಾ ಟೈಪ್ ಮಾಡುವಾಗ ಆ ಕಡೆಯವ್ರಿಗೆ ಟೈಪಿಂಗ್ ಅಂತ ಕಾಣ್ತದಲ್ರಿ, ಅದು ಹೊತ್ತದನ ಮೆಸೇಜ್ ಮ್ಯಾಲ ಮೆಸೇಜ್ ಹೊಂಟ್ರ ಸಾಫ್ಟ್‌ವೇರ್ ಕಳಸಾಕತ್ತೈತಿ ಅಂತ ಗುರ್ತ ಹಿಡೀತಾರ. ಆಗ ಅವ್ರು ತಿಂಗಳಿಗೆ 20 ಲಕ್ಷ ಅಕೌಂಟ್ ಬಂದ್ ಮಾಡ್ತಿದ್ರು, ಅದರಾಗ ಮುಕ್ಕಾಲು ಪಾಲಿಗಿಂತ ಜಾಸ್ತಿ ಯಾರೂ ಈಚೆಗೆ ರಿಪೋರ್ಟ್ ಮಾಡದೇ ಇದ್ದವು, ಬರೇ ನಡವಳಿಕೆ ನೋಡಿ ಮಷೀನೇ ಹಿಡಿದದ್ದು.

ಈಗ ನಿಮ್ಮ ಸಂಜಿ ಹೆಂಗಿತ್ತು ನೋಡ್ರಿ. ಹೊಸಾ ಸಿಮ್. ಆ ನಂಬರಿನಿಂದ ಯಾರ ಜೋಡೀನೂ ಸರಿಯಾಗಿ ಮಾತುಕತಿ ಆಗಿಲ್ಲ. ವಹಿ ಮುಂದಿಟ್ಕೊಂಡು ಒಂದೊಂದ ನಂಬರ್ ಸೇವ್ ಮಾಡೀರಿ, ಅದೇ ನಾಕು ಫೋಟೋ, ಚಿಕ್ಕಿ ಪರಾಸ ದಡಿದೊಂದು, ಗೋಮಿ ದಡಿದೊಂದು, ಸೆರಗಿಂದು ಎರಡು, ಕೆಳಗ ಅದೇ ನಾಕು ಸಾಲು, ಒಬ್ಬರಾದ ಮ್ಯಾಲ ಒಬ್ಬರಿಗೆ ಹಾಕ್ಕೋತ ಹೋಗೀರಿ. ಆ ಕಡೆ ಬೆಂಗಳೂರಾಗೋ ಪುಣೆದಾಗೋ ಇರೋ ಅಮ್ಮಾರಿಗೆ ನಿಮ್ಮ ಹೆಸರು ಕಾಣೂದಿಲ್ಲ, ಬರೇ ನಂಬರ್ ಕಾಣ್ತೈತಿ, ಅದರ ಕೆಳಗ ವಾಟ್ಸಾಪ್ ತಾನ ಬ್ಲಾಕ್ ಮಾಡ್ತೀರೇನು, ರಿಪೋರ್ಟ್ ಮಾಡ್ತೀರೇನು ಅಂತ ಬಟನ್ ಕೊಟ್ಟಿರ್ತೈತಿ. ಎಕ್ಸಿಬಿಷನ್ನಿನ್ಯಾಗ ವಹಿಗೆ ಬರದದ್ದು ಅವ್ರಿಗೆ ನೆನಪ ಇರೂದಿಲ್ಲ. ಐದಾರು ಜನ ಒತ್ತಿದ್ರೂ, ಹೊಸಾ ನಂಬರಿಗೆ ಅದು ಭಾಳ ತೂಕ. ರಿಪೋರ್ಟ್ ಒತ್ತಿದಾಗ ನೀವು ಅವ್ರಿಗೆ ಕಳಿಸಿದ ಕಡೀ ಐದು ಮೆಸೇಜ್ ಕಂಪನಿಗೆ ಹೋಗ್ತಾವ, ಅವಷ್ಟು ಮಾತ್ರ ಅವ್ರು ನೋಡಬಹುದು.

ಈ ಲಿಮಿಟ್ ಒಳಗ ಹೆಂಗ ನಡೀತಾವ ಅಂತ ತಿಳಕೊಂಡ್ರ ಅರ್ಧ ಹೆದರಿಕಿ ಹೋಗ್ತೈತಿ. ನಳದ ಕೆಳಗ ಒಂದು ಕೊಡ ಇಟ್ಟೀರಿ, ನಳ ಸಣ್ಣಗ ಬಿಟ್ಟೈತಿ ಅನ್ಕೋರಿ. ಒಂದು ಮೆಸೇಜ್ ಅಂದ್ರ ಕೊಡದಾಗಿಂದ ಒಂದು ತಂಬಗಿ ತಗದಂಗ. ಸಾವಕಾಶ ತಗೊಂಡ್ರ ಕೊಡ ಯಾವಾಗ್ಲೂ ತುಂಬಿರ್ತೈತಿ, ಒಮ್ಮೆಲೆ ಬಗ್ಗಿಸಿದ್ರ ಖಾಲಿ ಆಕ್ಕೈತಿ, ಆಮ್ಯಾಲ ನಳ ತುಂಬೋತನಕ ಕಾಯಬೇಕು. ಸಾಫ್ಟ್‌ವೇರ್ ಬರಿಯೋರು ಇದಕ್ಕ ಟೋಕನ್ ಬಕೆಟ್ ಅಂತಾನ ಅಂತಾರ, ಹೆಸರೂ ಹಂಗ ಐತಿ. ಮುಖ್ಯ ಏನಂದ್ರ ಎಲ್ಲಾರ ಕೊಡ ಒಂದೇ ಅಳತಿ ಇರೂದಿಲ್ಲ, ಹೊಸಾ ನಂಬರಿನ ಕೊಡ ಸಣ್ಣದು, ವರ್ಷಗಟ್ಲೆ ನಡದು ಬಂದ ನಂಬರಿಂದು ದೊಡ್ಡದು, ಜನ ಉತ್ತರ ಕೊಟ್ಟಂಗ ದೊಡ್ಡದಾಕ್ಕೋತ ಹೋಗ್ತೈತಿ, ಬ್ಲಾಕ್ ಮಾಡಿದಂಗ ಸಣ್ಣದಾಕ್ಕೋತ ಹೋಗ್ತೈತಿ. ಅದಕ್ಕ ನಿಮ್ಮ ನೆಗೆಣ್ಣಿ ಇಡೀ ದಿವಸ ವಾಟ್ಸಾಪಿನ್ಯಾಗ ಇದ್ರೂ ಆಕಿಗೇನೂ ಆಗೂದಿಲ್ಲ, ನಿಮಗ ಒಂದು ಸಂಜಿಗೆ ಆತು.

ದಿನಕ್ಕ ಇಷ್ಟ ಮೆಸೇಜ್ ಕಳಿಸಿದ್ರ ಸೇಫ್ ಅಂತ ವಿಡಿಯೋದಾಗ ನಂಬರ್ ಹೇಳ್ತಾರಲ್ರಿ, ಅವನ್ನ ನಂಬಬ್ಯಾಡ್ರಿ. ಕಂಪನಿ ಅಂಥಾ ನಂಬರ್ ಹೊರಗ ಹೇಳೇ ಇಲ್ಲ, ಹೇಳಿದ್ರ ಮೋಸಗಾರ್ರು ಅದಕ್ಕ ಒಂದು ಕಡಿಮಿ ಕಳಿಸಿ ಪಾರಾಕ್ಕಾರ, ಅದಕ್ಕ ಹೇಳೂದಿಲ್ಲ. ಹೊರಗ ಹೇಳಿದ ಲಿಮಿಟ್ ಬ್ಯಾರೆ ಅದಾವ: ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಮೆಸೇಜ್ ಎಲ್ಲಾರ್ಗೂ ಬ್ಯಾರೆ ಬ್ಯಾರೆ ಚಾಟಿನ್ಯಾಗ ಹೋಗೋ ಪಟ್ಟಿ) 256 ಮಂದಿ, ಒಂದು ಗ್ರೂಪಿಗೆ 1024 ಮಂದಿ, ಫಾರ್ವರ್ಡ್ ಒಂದು ಸಲಕ್ಕ ಐದು ಚಾಟ್. ಈ ಐದರ ಲಿಮಿಟ್ ನಮ್ಮ ದೇಶದಾಗ 2018 ರ ಜುಲೈದಾಗ ಬಂತು. ಮಕ್ಕಳ ಕಳ್ಳರು ಬಂದಾರ ಅನ್ನೋ ಸುಳ್ಳ ಮೆಸೇಜ್ ಹರಡಿ ಆ ವರ್ಷ ಜನ ಜನರನ್ನ ಬಡದು ಕೊಂದ್ರು, ಬೀದರ್ ಜಿಲ್ಲಾದ ಮುರ್ಕಿಯೊಳಗೂ ಆತು, ಹೈದರಾಬಾದಿನ ಇಂಜಿನಿಯರ್ ಒಬ್ಬ ಜೀವ ಕಳ್ಕೊಂಡ. 2020 ರ ಏಪ್ರಿಲ್‌ದಾಗ ಭಾಳ ಸಲ ಫಾರ್ವರ್ಡ್ ಆದದ್ದನ್ನ ಒಂದು ಸಲಕ್ಕ ಒಂದೇ ಚಾಟಿಗೆ ಅಂತ ಇನ್ನೂ ಬಿಗಿ ಮಾಡಿದ್ರು. ವ್ಯಾಪಾರಕ್ಕ ಇದು ತ್ರಾಸ ಅನ್ನಸ್ತೈತಿ, ನನಗೂ ಗೊತ್ತೈತಿ, ಆದ್ರ ಆ ತಡಿ ಬರೂದ್ರಾಗ ಅರ್ಥ ಐತಿ ಅಂತ ನಾ ಮನಸ್ಸಿನಿಂದ ನಂಬೇನಿ.

ಬ್ರಾಡ್‌ಕಾಸ್ಟ್ ವಿಷಯದಾಗ ಒಂದು ಮಾತು, ಭಾಳ ಮಂದಿಗೆ ಗೊತ್ತಿರೂದಿಲ್ಲ. ನೀವು ಅವ್ರ ನಂಬರ್ ಸೇವ್ ಮಾಡಿದ್ರ ಸಾಲೂದಿಲ್ಲ, ಅವ್ರ ಫೋನಿನ್ಯಾಗ ನಿಮ್ಮ ನಂಬರ್ ಸೇವ್ ಇದ್ರ ಮಾತ್ರ ಬ್ರಾಡ್‌ಕಾಸ್ಟ್ ಅವ್ರಿಗೆ ಮುಟ್ಟತೈತಿ. ಮುಟ್ಟಲಿಲ್ಲ ಅಂತ ಜನ ಒಂದೊಂದೇ ಕಳಸಾಕ ಶುರು ಮಾಡ್ತಾರ, ನಿಮ್ಮಂಗ ಸಿಕ್ಕೊಳ್ತಾರ.

ಹಂಗಾರ ಮಾಡೋದೇನು? ನನ್ನ ಉತ್ತರದ ತಿರುಳು ಇಷ್ಟ, ಮೊದಲನೇ ಮೆಸೇಜ್ ಗಿರಾಕಿ ಕಡೆಯಿಂದ ಬರ್ಬೇಕು. ಅವ್ರು ಒಮ್ಮೆ "ನಮಸ್ಕಾರ" ಅಂತ ಹಾಕಿದ್ರೂ ಸಾಕು, ಆಮ್ಯಾಲ ನೀವು ಹತ್ತು ಫೋಟೋ ಕಳಿಸಿದ್ರೂ ಅದು ಮಾತುಕತಿ, ಅವ್ರು ಏನೂ ಕೇಳದ ಮೂರ ಫೋಟೋ ಕಳಿಸಿದ್ರೂ ಅದು ಕಾಟ. ದೊಡ್ಡ ಕಂಪನಿಗಳಿಗೆ ವಾಟ್ಸಾಪ್ ರೊಕ್ಕ ತಗೊಂಡು ಕೊಡೋ ಬಿಸಿನೆಸ್ ಎಪಿಐ ಅಂತ ಐತಿ, ಅವ್ರ ಸಾಫ್ಟ್‌ವೇರಿನಿಂದ ನೇರ ಮೆಸೇಜ್ ಕಳಸೋ ವ್ಯವಸ್ಥಾ, ಅಲ್ಲೂ ಇದ ನಿಯಮ, ಗಿರಾಕಿ ಬರದ ಹೊತ್ತಿನಿಂದ 24 ತಾಸು ನೀವು ಬೇಕಾದ್ದು ಬರಿಬಹುದು, ಅದು ದಾಟಿದ್ರ ಮೊದಲ ಮಂಜೂರಿ ತಗೊಂಡ ಮೆಸೇಜ್ ಮಾತ್ರ, ಅದೂ ಹೊಸಬರಿಗೆ ಶುರುವಿಗೆ 24 ತಾಸಿಗೆ 250 ಮಂದಿಗೆ ಅಷ್ಟ. ರೊಕ್ಕ ಕೊಟ್ಟೋರಿಗೇ ಹಂಗಿದ್ದಾಗ ಪುಕ್ಕಟೆ ಆ್ಯಪಿನ್ಯಾಗ ಬಿಡ್ತಾರೇನ್ರಿ. ನಿಮ್ಮ ಮಟ್ಟಕ್ಕ ಆ ಎಪಿಐ ಸದ್ಯ ಬ್ಯಾಡ, ಖರ್ಚೂ ಐತಿ ತಲಿನೋವೂ ಐತಿ.

ನಿಮಗ ಬೇಕಾದ್ದು ಪುಕ್ಕಟೆ ಸಿಗೋ ವಾಟ್ಸಾಪ್ ಬಿಸಿನೆಸ್ ಆ್ಯಪ್. ಅದರಾಗ ಕ್ಯಾಟಲಾಗ್ ಅಂತ ಐತಿ, 500 ಐಟಂ ತನಕ ಹಾಕಬಹುದು. ಒಂದೊಂದ ಸೀರಿಗೆ ದಡಿ ಯಾವುದು, ಒಡಲು ಹತ್ತಿಯೊ ರೇಷ್ಮಿಯೊ, ಸೆರಗು ಟೋಪ್ ತೆನಿ ಹೌದೊ ಅಲ್ಲೊ, ಸೆರಗು ಮತ್ತ ಒಡಲಿನ ಎಳಿ ಕೊಂಡಿ ಹಾಕಿ ಕೂಡಿಸಿದ್ದೊ ಹೆಂಗ, ರೇಟ್ ಎಷ್ಟು ಎಲ್ಲಾ ಬರದು ಹಾಕ್ರಿ. ಕೊಂಡಿ ಸೇರೋ ಜಾಗದ್ದು ಒಂದು ಫೋಟೋ ಹತ್ತಿರದಿಂದ ತಗದು ಹಾಕ್ರಿ, ಆ ಕೆಲಸ ಇಳಕಲ್ ಬಿಟ್ರ ಬ್ಯಾರೆ ಕಡೆ ಕಾಣೂದು ಕಡಿಮಿ, ತಿಳಿದವ್ರು ಅದನ್ನ ನೋಡೇ ತಗೋತಾರ. ಆಮ್ಯಾಲ ಪ್ರತಿ ಗಿರಾಕಿಗೂ ನಾಕು ಫೋಟೋ ಕಳಸೋ ಕೆಲಸಾನ ಉಳಿಯೂದಿಲ್ಲ, ಕ್ಯಾಟಲಾಗ್ ಲಿಂಕ್ ಒಂದು ಸಾಕು.

ಆ ಆ್ಯಪಿನ್ಯಾಗ ನಿಮ್ಮ ನಂಬರಿಂದು ಒಂದು ಲಿಂಕ್, ಒಂದು ಕ್ಯೂಆರ್ ಕೋಡ್ ಸಿಗ್ತಾವ. ಅದನ್ನ ಒತ್ತಿದ್ರ ಗಿರಾಕಿ ಫೋನಿನ್ಯಾಗ ನಿಮ್ಮ ಚಾಟ್ ತೆರೀತೈತಿ, "ಸೀರಿ ನೋಡಬೇಕಿತ್ತು" ಅಂತ ಮೊದಲ ಟೈಪ್ ಆಗಿರೂವಂಗ ನೀವ ಇಡಬಹುದು, ಅವ್ರು ಬರೇ ಕಳಸೋ ಬಟನ್ ಒತ್ತಿದ್ರ ಆತು. ಮುಂದಿನ ಎಕ್ಸಿಬಿಷನ್ನಿಗೆ ವಹಿ ಇಡಬ್ಯಾಡ್ರಿ. ಆ ಕ್ಯೂಆರ್ ದೊಡ್ಡದಾಗಿ ಪ್ರಿಂಟ್ ಹೊಡಸಿ ಟೇಬಲ್ ಮ್ಯಾಲ ನಿಲ್ಸಿ, "ಇಲ್ಲಿ ಒಂದು ಮೆಸೇಜ್ ಹಾಕ್ರಿ, ಹೊಸಾ ಸೀರಿ ಬಂದಾಗ ಹೇಳ್ತೀನಿ, ನನ್ನ ನಂಬರ್ ಸೇವ್ ಮಾಡ್ಕೋರಿ" ಅಂತ ನೀವ ನಿಂತು ಹೇಳ್ರಿ. ಅಲ್ಲೇ ಅವ್ರ ಕಣ್ಣ ಮುಂದ ಸೇವ್ ಆಗ್ಬೇಕು. ಸೀರಿ ಹಾಕಿ ಕೊಡೋ ಕವರಿನ ಮ್ಯಾಲೂ ಅದು ಇರ್ಲಿ.

ಇನ್ನ ಈ ಪಂಚಮಿಗೆ. ನಿಮ್ಮ ಹಳೇ ನಂಬರ್ ಐತೆಲ್ರಿ, ಮನಿ ನಂಬರು, ಅದು ಎಷ್ಟೋ ವರ್ಷದ್ದು, ಬೀಗರು, ಗೆಳತ್ಯಾರು, ಹಳೇ ಗಿರಾಕಿ ಎಲ್ಲಾರ ಫೋನಿನ್ಯಾಗ ಸೇವ್ ಇರ್ತೈತಿ. ಅದರಿಂದ ನಾಕೈದು ಸೀರಿ ಸ್ಟೇಟಸ್ ಹಾಕ್ರಿ, ಸ್ಟೇಟಸ್ ನೋಡೋರು ತಾವಾಗಿ ನೋಡ್ತಾರ, ಯಾರ ಮನಿ ಬಾಗಲಾನೂ ಬಡದಂಗಲ್ಲ. ನಿಮ್ಮ ಹತ್ರ ಮೊದಲ ತಗೊಂಡವ್ರಿಗೆ, ಬರೇ ಅವ್ರಿಗೆ, ಒಬ್ಬೊಬ್ಬರಿಗೆ ಹೆಸರು ಹಿಡದು ಬರೀರಿ, ದಿನಕ್ಕ ಸ್ವಲ್ಪ ಸ್ವಲ್ಪ. ಹಿಂಗ ಬರದ್ರ ನಡೀತೈತಿ: "ಅಕ್ಕಾರ, ನಾ ಇಳಕಲ್ಲದಿಂದ, ಹೋದ ಸಲ ನೀವು ನನ್ನ ಕಡೆ ಹಸರ ಒಡಲಿನ ಗೋಮಿ ದಡಿ ಸೀರಿ ತಗೊಂಡಿದ್ರಿ. ಪಂಚಮಿಗೆ ಹೊಸಾವು ಇಳದಾವ. ನೋಡೋದಿದ್ರ ಈ ಲಿಂಕ್ ಒತ್ತಿ ನನ್ನ ಅಂಗಡಿ ನಂಬರಿಗೆ ಒಂದು ಮೆಸೇಜ್ ಹಾಕ್ರಿ, ಬ್ಯಾಡ ಅಂದ್ರ ಬ್ಯಾಡ ಅನ್ರಿ, ಮತ್ತ ಕಳಸೂದಿಲ್ಲ." ಆ ಕಡೀ ಮಾತು ಇರ್ಲೇಬೇಕು. ಬ್ಯಾಡ ಅಂತ ಹೇಳಾಕ ದಾರಿ ಕೊಟ್ರ ಜನ ಬ್ಲಾಕ್ ಬಟನ್ ಹುಡಕೂದಿಲ್ಲ, ಮತ್ತ ಬ್ಯಾಡ ಅಂದದ್ದೂ ಒಂದು ರಿಪ್ಲೈನ. ಲಿಂಕ್ ಗಿಡ್ಡ ಮಾಡೋ ಆ್ಯಪ್ ಬಳಸಬ್ಯಾಡ್ರಿ, ಮೋಸದವ್ರು ಅದನ್ನ ಭಾಳ ಬಳಸ್ತಾರ, ವಾಟ್ಸಾಪ್ ಕೊಟ್ಟ ಲಿಂಕ್ ಇದ್ದಂಗ ಹಾಕ್ರಿ.

ಕೇಳದ ಯಾರನ್ನೂ ಗ್ರೂಪಿಗೆ ಸೇರಸಬ್ಯಾಡ್ರಿ. ಬ್ಲಾಕ್ ಆಗೋ ಲಗೂ ದಾರಿ ಅಂದ್ರ ಅದ. ಗ್ರೂಪಿನ ಲಿಂಕ್ ಸ್ಟೇಟಸ್ಸಿಗೆ ಹಾಕ್ರಿ, ಬರೋರು ಬರ್ತಾರ.

ವಾಟ್ಸಾಪ್ ಆಗ್ಲಿಲ್ಲ, ಎಸ್ಸೆಮ್ಮೆಸ್ ಕಳಿಸ್ತೀನಿ ಅಂತ ಒಂದು ವಿಚಾರ ಬರಬಹುದು, ಭಾಳ ಮಂದಿ ಅದನ್ನ ಮಾಡ್ತಾರ. ಅದು ಇನ್ನೂ ಕೆಟ್ಟದ್ದು. ಸ್ವಂತ ಸಿಮ್ಮಿನಿಂದ ಕೇಳದವ್ರಿಗೆ ವ್ಯಾಪಾರದ ಮೆಸೇಜ್ ಕಳಸೋದು, ಫೋನ್ ಮಾಡೋದು ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ದ 2018 ರ ನಿಯಮದಾಗ ತಪ್ಪು, ಜನ 1909 ಕ್ಕ ಕಂಪ್ಲೇಂಟ್ ಕೊಡಬಹುದು. 2025 ರ ಫೆಬ್ರವರಿದಾಗ ಅದನ್ನ ಇನ್ನೂ ಬಿಗಿ ಮಾಡ್ಯಾರ, ಮೊದಲನೇ ಸಲಕ್ಕ 15 ದಿವಸ ಹೊರಗ ಹೋಗೋ ಕಾಲ್, ಮೆಸೇಜ್ ಬಂದ್, ಮತ್ತ ಮಾಡಿದ್ರ ಒಂದು ವರ್ಷ ಕನೆಕ್ಷನ್ನ ಕಟ್. ವಾಟ್ಸಾಪಿನ ಒಂದು ದಿವಸದ ತಡಿ ಬಿಟ್ಟು ಇದಕ್ಕ ಹೋಗಬಾರದು.

ನೀವು ಫೇಸ್‌ಬುಕ್ಕಿನ ಸೀರಿ ಗ್ರೂಪಿನ್ಯಾಗೂ ಹಾಕ್ತೀರಿ ಅನ್ಕೋತೀನಿ, ಅಲ್ಲಿಂದೂ ಎರಡ ಮಾತು ಹೇಳ್ತೀನಿ. ಅಲ್ಲಿ ತಡಿ ಎರಡು ಕಡೆಯಿಂದ ಬರ್ತೈತಿ, ಗ್ರೂಪಿನ ಅಡ್ಮಿನ್ ಹಾಕಿದ್ದು ಬ್ಯಾರೆ, ಕಂಪನಿ ಹಾಕಿದ್ದು ಬ್ಯಾರೆ. ಒಂದೇ ಗ್ರೂಪಿನ್ಯಾಗ ಆಗವಲ್ದು ಅಂದ್ರ ಅಡ್ಮಿನ್‌ರನ್ನ ಕೇಳ್ರಿ, ಎಲ್ಲಾ ಕಡೆ ಆಗವಲ್ದು ಅಂದ್ರ ಕಂಪನಿ. ಒಂದೇ ಪೋಸ್ಟ್ ಕಾಪಿ ಮಾಡಿ ಹತ್ತು ಗ್ರೂಪಿಗೆ ಬಿಡದ ಹಾಕೋದ ಅಲ್ಲಿ ಭಾಳ ಮಂದಿ ಸಿಕ್ಕೊಳ್ಳೋ ಜಾಗ. ನಿಯಮ ಮುರದದ್ದಕ್ಕ ಫೇಸ್‌ಬುಕ್ ನಡಸೋ ಕಂಪನಿ ಮೆಟಾ ಸ್ಟ್ರೈಕ್ ಅಂತ ಎಣಸ್ತೈತಿ, 2023 ರಿಂದ ಏಳನೇದಕ್ಕ 1 ದಿವಸ, ಎಂಟನೇದಕ್ಕ 3, ಒಂಬತ್ತನೇದಕ್ಕ 7, ಹತ್ತು ಮತ್ತ ಅದರ ಮ್ಯಾಲ 30 ದಿವಸ ಏನೂ ಹಾಕಾಕ ಬರೂದಿಲ್ಲ, ಒಂದು ಸ್ಟ್ರೈಕ್ ಒಂದು ವರ್ಷದ ಮ್ಯಾಲ ಅಳದು ಹೋಗ್ತೈತಿ. ಇನ್‌ಸ್ಟಾಗ್ರಾಮಿನ್ಯಾಗ ಸ್ವಲ್ಪ ಹೊತ್ತು ಬಿಟ್ಟು ನೋಡ್ರಿ ಅಂತ ಬಂದ್ರ ಲಗೂ ಲಗೂ ಫಾಲೋ, ಲೈಕ್, ಒಂದೇ ಕಾಮೆಂಟ್ ಹಾಕಿದ್ದು ಕಾರಣ ಇರ್ತೈತಿ, ಫಾಲೋವರ್ಸ್ ಹೆಚ್ಚಿಗಿ ಮಾಡಿಕೊಡ್ತೀವಿ ಅನ್ನೋ ಆ್ಯಪಿಗೆ ಪಾಸ್‌ವರ್ಡ್ ಕೊಟ್ಟಿದ್ರ ಈಗ ಪಾಸ್‌ವರ್ಡ್ ಬದಲಿ ಮಾಡ್ರಿ.

ನಾಳೆ ಟೈಮ್ ಮುಗದ ಮ್ಯಾಲೂ ತಡಿ ಹೋಗ್ಲಿಲ್ಲ, ಇಲ್ಲಾ ಪೂರ್ತಿ ಬ್ಯಾನ್ ಅಂತ ಬಂತು ಅಂದ್ರ ಕೈ ಕಟ್ಕೊಂಡು ಕುಂದ್ರಬ್ಯಾಡ್ರಿ. ಬ್ಯಾನ್ ಆದಾಗ ಆ್ಯಪಿನ್ಯಾಗ ಮರುಪರಿಶೀಲನಾ ಕೇಳೋ ಬಟನ್ ಬರ್ತೈತಿ, ಒತ್ತಿ ಇದ್ದದ್ದು ಇದ್ದಂಗ ಬರೀರಿ: ಇಳಕಲ್ಲದಾಗ ಸೀರಿ ನೇಯ್ತೀವಿ, ಎಕ್ಸಿಬಿಷನ್ನಿನ್ಯಾಗ ಜನ ಕೊಟ್ಟ ನಂಬರಿಗೆ ಫೋಟೋ ಕಳಿಸಿದೆ, ಇನ್ನ ಹಂಗ ಕಳಸೂದಿಲ್ಲ. ಸಾಕು. ಅದಕ್ಕೂ ಆಗ್ಲಿಲ್ಲ ಅಂದ್ರ, 2021 ರ ಐಟಿ ನಿಯಮದ ಪ್ರಕಾರ ಇಂಥಾ ಕಂಪನಿಗೆ ನಮ್ಮ ದೇಶದಾಗ ಕುಂದುಕೊರತೆ ಅಧಿಕಾರಿ ಇರ್ಲೇಬೇಕು, ಅವ್ರು 24 ತಾಸಿನ್ಯಾಗ ನಿಮ್ಮ ದೂರು ಮುಟ್ಟೈತಿ ಅಂತ ಹೇಳಿ 7 ದಿವಸದಾಗ ಬಗಿಹರಸ್ಬೇಕು (2026 ರ ಫೆಬ್ರವರಿ ತನಕ ಇದು 15 ದಿವಸ ಇತ್ತು). ಅವ್ರ ಉತ್ತರ ಸರಿ ಅನ್ನಸ್ಲಿಲ್ಲ ಅಂದ್ರ 30 ದಿವಸದ ಒಳಗ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು, 2023 ರಿಂದ ಅದು ನಡದೈತಿ, ಜಿಎಸಿ ಡಾಟ್ ಜಿಒವಿ ಡಾಟ್ ಇನ್ ಒಳಗ ಮನಿಯಾಗ ಕುಂತ ಅರ್ಜಿ ಹಾಕಬಹುದು. ಈಗ ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ತಾರೀಖು ಕಾಣೂವಂಗ ತಗದು ಇಟ್ಕೋರಿ, ಆವಾಗ ಬೇಕಾಕ್ಕೈತಿ.

ತಡಿ ಹೋದ ಮ್ಯಾಲ ಮೊದಲನೇ ಎರಡ ಮೂರ ವಾರ ಹೊಸಾ ನಂಬರಿನಿಂದ ಬಂದದ್ದಕ್ಕ ಉತ್ತರ ಮಾತ್ರ ಕೊಡ್ರಿ. ಮನಿ ಮಂದಿ ಜೋಡಿ, ನೂಲು ಕೊಡೋರ ಜೋಡಿ, ಕೊರಿಯರ್‌ನವ್ರ ಜೋಡಿ ಆ ನಂಬರಿನಿಂದ ದಿನಾ ಮಾತಾಡ್ರಿ, ನಂಬರ್ ಗಟ್ಟಿ ಆಗ್ತೈತಿ. ಮೊನ್ನೆ ಫೋಟೋ ಕಳಿಸಿದ ವಹಿ ಮಂದಿಗೆ ಸಾರಿ ಕೇಳೋಣು ಅಂತ ಮತ್ತೊಂದು ಮೆಸೇಜ್ ಎಲ್ಲಾರ್ಗೂ ಹಾಕಬ್ಯಾಡ್ರಿ, ಅದು ಎರಡನೇ ಸುತ್ತು ಆಕ್ಕೈತಿ. ಅವ್ರಲ್ಲಿ ಯಾರ್ಯಾರು ರೇಟ್ ಕೇಳ್ಯಾರ, ಬಣ್ಣ ಕೇಳ್ಯಾರ ನೋಡ್ರಿ, ಆ ಚಾಟ್ ಈಗಲೂ ತೆರದ ಅದಾವ, ಇವತ್ತ ರಾತ್ರೀನ ಅವ್ರಿಗೆ ಉತ್ತರ ಕೊಡ್ರಿ.